ನೂರಿಪ್ಪತ್ತರ ಗೋಡೆ



ಹೋದ ವರ್ಷ ನನ್ನ ಅಕ್ಕನ ಮಗ ಎಲೆಕ್ಟ್ರಿಕ್ ಕಾರು ಕೊಂಡ. ಕೊಂಡ ಮೂರನೇ ವಾರಕ್ಕೆ ನನ್ನನ್ನು ಕೂರಿಸಿಕೊಂಡು ಮೈಸೂರಿಗೆ ಹೊರಟ. ಬಿಡದಿ ದಾಟಿ ರಸ್ತೆ ಖಾಲಿ ಸಿಕ್ಕಿದ್ದೇ ತಡ, ಹುಡುಗನಿಗೆ ಹುಮ್ಮಸ್ಸು ಬಂತು. ಪೆಡಲು ಒತ್ತಿದ. ಸದ್ದಿಲ್ಲ, ಗೇರಿಲ್ಲ, ನನ್ನ ಬೆನ್ನು ಮಾತ್ರ ಸೀಟಿಗೆ ಅಂಟಿಕೊಂಡಿತು. 60, 80, 100 ಎಂದು ಎಣಿಸುವಷ್ಟು ಹೊತ್ತೂ ಆಗಲಿಲ್ಲ, 120 ಬಂತು. ಬಂದದ್ದು ಅಲ್ಲೇ ಕೂತುಬಿಟ್ಟಿತು. ಪೆಡಲನ್ನು ತಳಕ್ಕೆ ಮುಟ್ಟಿಸಿದರೂ 120 ಎಂದರೆ 120. ಆಗಲೇ ಹತ್ತು ವರ್ಷ ಹಳೆಯ ಡೀಸೆಲ್ ಕಾರೊಂದು ಹೊಗೆ ಉಗುಳುತ್ತಾ ಬಲಗಡೆಯಿಂದ ಬಂದು ನಮ್ಮನ್ನು ದಾಟಿಕೊಂಡು ಹೋಯಿತು.

"ನೋಡಿದ್ರಾ ಮಾವ? ಕಾರಿಗೆ ಇನ್ನೂ ಎಳೆಯೋ ತಾಕತ್ತಿದೆ. ಬೇಕಂತಲೇ ಕಟ್ಟಿಹಾಕಿದ್ದಾರೆ. ಇದು ಮೋಸ ಅಲ್ವಾ?" ಅಂದ.

ಆ ರಸ್ತೆಯಲ್ಲಿ ಮಿತಿ ಇರುವುದೇ 100 ಎಂದು ಅವನಿಗೆ ನೆನಪಿಸಿದೆ. ಅವನು ಕೇಳಿದ್ದಕ್ಕೆ ಸರಿಯಾದ ಉತ್ತರ ಹೊಂದಿಸಲು ನನಗೆ ನಾಲ್ಕು ದಿನ ಬೇಕಾಯಿತು. ಕ್ಯಾಮೆರಾ ಕಳಿಸಿದ ದಂಡದ ಮೆಸೇಜು ಅದಕ್ಕಿಂತ ಮೊದಲೇ ಅವನ ಫೋನಿಗೆ ಬಂದಿತ್ತು.

ನಾನು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಮೆಷೀನ್ಸ್ ಪಾಠ ಹೇಳಿ ನಿವೃತ್ತನಾದವನು. ಅವನಿಗೆ ಕೊಟ್ಟ ಉತ್ತರವನ್ನೇ ಇವತ್ತು ಸ್ವಲ್ಪ ಬಿಡಿಸಿ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಹಳೆಯ ಪೆಟ್ರೋಲ್ ಕಾರಿನ ಮಾತು. ಅಂಬಾಸಿಡರ್ ಓಡಿಸಿದವರಿಗೆ ಇದು ಚೆನ್ನಾಗಿ ಗೊತ್ತು. 80 ದಾಟಿದ ಮೇಲೆ ಮುಳ್ಳು ಮೇಲೇರುವುದೆಂದರೆ ಕಚೇರಿಯಲ್ಲಿ ಫೈಲು ಮೇಲೇರಿದ ಹಾಗೆ. ಬಾಗಿಲು ಗಡಗಡ ಎನ್ನುತ್ತದೆ, ಕನ್ನಡಿ ನಡುಗುತ್ತದೆ, ಆಮೇಲೆ ಇಂಜಿನ್ನು ಎಷ್ಟು ಕೂಗಿಕೊಂಡರೂ ಮುಳ್ಳು ಕದಲುವುದಿಲ್ಲ. ಆ ಕಾರನ್ನು ತಡೆದದ್ದು ಗಾಳಿ. ಇಂಜಿನ್ನು ಮುಂದಕ್ಕೆ ನೂಕುವ ಬಲ, ಗಾಳಿ ಹಿಂದಕ್ಕೆ ತಳ್ಳುವ ಬಲ ಎಲ್ಲಿ ಸಮ ಆಗುತ್ತವೋ ಅದೇ ಆ ಕಾರಿನ ಕಟ್ಟಕಡೆಯ ವೇಗ. ಆ ಅಂಕಿಯನ್ನು ಯಾರೂ ಕೂತು ನಿಗದಿ ಮಾಡಿದ್ದಲ್ಲ.

ಎಲೆಕ್ಟ್ರಿಕ್ ಕಾರುಗಳಲ್ಲಿ ಬಹುಪಾಲು ಗಾಳಿಯೊಂದಿಗಿನ ಆ ಕೊನೆಯ ಪಟ್ಟಿನವರೆಗೆ ಹೋಗುವುದೇ ಇಲ್ಲ. ಬ್ಯಾಟರಿಗೂ ಮೋಟಾರಿಗೂ ನಡುವೆ ಇನ್ವರ್ಟರ್ ಎಂಬ ಪೆಟ್ಟಿಗೆ ಕೂತಿರುತ್ತದೆ. ಮೋಟಾರಿಗೆ ಎಷ್ಟು ಕರೆಂಟು, ಯಾವ ಲಯದಲ್ಲಿ ಬಡಿಸಬೇಕು ಎನ್ನುವುದೆಲ್ಲ ಅದರ ಕೈಯಲ್ಲಿ. ಒಳಗೆ ಬರೆದಿಟ್ಟ ಒಂದು ಅಂಕಿ ಮುಟ್ಟಿದ ಕೂಡಲೇ ಅದು ಬಡಿಸುವ ಕೈ ಬಿಗಿ ಮಾಡುತ್ತದೆ. 2020ರಲ್ಲಿ ಬಂದ ಟಾಟಾ ನೆಕ್ಸಾನ್ ಇವಿಯಲ್ಲಿ ಆ ಅಂಕಿ 120. ಬಿಎಂಡಬ್ಲ್ಯೂ ಐ3ಯಲ್ಲಿ 150, ಫೋಕ್ಸ್‌ವ್ಯಾಗನ್ ಐಡಿ.3ಯಲ್ಲಿ 160. ಕಾರು ಏದುಸಿರು ಬಿಡುವ ಮೊದಲೇ ತಡೆಯುವುದರಿಂದ ಇದು ಗೋಡೆಗೆ ಮುಟ್ಟಿದ ಹಾಗೆ ಅನಿಸುತ್ತದೆ. ನನ್ನ ಅಳಿಯನಿಗೆ ಸಿಟ್ಟು ಬಂದದ್ದು ಅದಕ್ಕೇ. ಶಕ್ತಿ ಇಲ್ಲದೆ ನಿಂತಿದ್ದರೆ ಸುಮ್ಮನಿರುತ್ತಿದ್ದ. ಇದ್ದೂ ಕೊಡದವರ ಮೇಲೆ ಕೋಪ ಬರುವುದು ಸಹಜ.

ಕಾನೂನಿಗೆ ಹೆದರಿ ಹೀಗೆ ಮಾಡುತ್ತಾರೆಯೇ? ನಮ್ಮ ದೇಶದಲ್ಲಿ 2018ರ ಅಧಿಸೂಚನೆ ಕಾರುಗಳಿಗೆ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ 120ರವರೆಗೆ ಅವಕಾಶ ಕೊಟ್ಟಿತು. 2019ರಿಂದೀಚೆಗಿನ ಕಾರುಗಳು 80 ದಾಟಿದರೆ ಆಗೊಮ್ಮೆ ಈಗೊಮ್ಮೆ ಪೀಂ ಎನ್ನುತ್ತವೆ, 120 ದಾಟಿದರೆ ಬಾಯಿ ಮುಚ್ಚುವುದೇ ಇಲ್ಲ. ಅಂಕಿ ಹೊಂದಿಕೊಳ್ಳುತ್ತದೆ, ನಿಜ. ಆದರೆ ಅದೇ ಕಾನೂನಿನ ಕೆಳಗೆ ಮಾರುವ ಪೆಟ್ರೋಲ್ ಕಾರುಗಳು ಪೀಂ ಎನ್ನುತ್ತಲೇ 150, 160 ಮುಟ್ಟುತ್ತವೆ, ಅವನ್ನು ಯಾರೂ ಕಟ್ಟಿಹಾಕಿಲ್ಲ. ಹಾಗಾಗಿ ಕಾರಣವನ್ನು ಕಾರಿನ ಹೊಟ್ಟೆಯೊಳಗೇ ಹುಡುಕಬೇಕು.

ಅಲ್ಲಿ ಮೊದಲು ಕಣ್ಣಿಗೆ ಬೀಳುವುದು ಗೇರ್‌ಬಾಕ್ಸಿನ ಗೈರುಹಾಜರಿ. ಪೆಟ್ರೋಲ್ ಕಾರಿಗೆ ಐದೋ ಆರೋ ಗೇರು. ಎಲೆಕ್ಟ್ರಿಕ್ ಕಾರಿಗೆ ಸಾಮಾನ್ಯವಾಗಿ ಒಂದೇ ಒಂದು ಜೋಡಣೆ. ಮೋಟಾರು ಸುಮಾರು ಹತ್ತು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಕಾರುಗಳಲ್ಲಿ ಈ ಅನುಪಾತ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ, ಲೆಕ್ಕಕ್ಕೆ ಹತ್ತು ಎಂದೇ ಹಿಡಿಯೋಣ. ಚಿಕ್ಕ ಕಾರಿನ ಚಕ್ರ ಒಂದು ಸುತ್ತಿಗೆ ಹತ್ತಿರ ಹತ್ತಿರ 2 ಮೀಟರ್ ಉರುಳುತ್ತದೆ. ಗಂಟೆಗೆ 120 ಕಿಲೋಮೀಟರ್ ಎಂದರೆ ನಿಮಿಷಕ್ಕೆ 2 ಕಿಲೋಮೀಟರ್, ಅಂದರೆ ಚಕ್ರಕ್ಕೆ ನಿಮಿಷಕ್ಕೆ 1,000 ಸುತ್ತು. ಮೋಟಾರಿಗೆ 10,000 ಸುತ್ತು. ಮಾಮೂಲಿ ಪೆಟ್ರೋಲ್ ಇಂಜಿನ್ನು 6,000 ದಾಟಿದರೇ ಚೀರಿಡುತ್ತದೆ. ಇದು ಸದ್ದಿಲ್ಲದೆ ತಿರುಗುವುದರಿಂದ ಒಳಗೆ ಏನು ನಡೆಯುತ್ತಿದೆ ಎಂದು ನಮಗೆ ತಿಳಿಯುವುದಿಲ್ಲ ಅಷ್ಟೆ.

ಏನು ನಡೆಯುತ್ತಿದೆ ಎನ್ನುವುದನ್ನು ಹತ್ತಿರ ಹೋಗಿ ನೋಡೋಣ. ಮೋಟಾರಿನ ನಡುವೆ ತಿರುಗುವ ಭಾಗಕ್ಕೆ ರೋಟರ್ ಎನ್ನುತ್ತೇವೆ. ಈಗಿನ ಬಹಳಷ್ಟು ಕಾರುಗಳಲ್ಲಿ ಅದರೊಳಗೆ ಅಯಸ್ಕಾಂತದ ಪಟ್ಟಿಗಳನ್ನು ಹುದುಗಿಸಿರುತ್ತಾರೆ. ಅವನ್ನು ಹಿಡಿದಿರುವುದು ತೆಳ್ಳಗಿನ ಉಕ್ಕಿನ ಸೇತುವೆಗಳು. ರೋಟರಿನ ಅಡ್ಡಳತೆ 15 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ, ಒಂದು ಸಣ್ಣ ತಟ್ಟೆಯಷ್ಟು. ನಿಮಿಷಕ್ಕೆ 10,000 ಸುತ್ತು ತಿರುಗುವಾಗ ಅದರ ಅಂಚಿನಲ್ಲಿರುವ ಒಂದು ಗ್ರಾಂ ಅಯಸ್ಕಾಂತ, ಎಂಟು ಕಿಲೋಗಿಂತ ಹೆಚ್ಚು ಭಾರದ ಹಾಗೆ ಹೊರಗೆ ಜಗ್ಗುತ್ತದೆ. ಕವಣೆ ಬೀಸಿದವರಿಗೆ ಈ ಜಗ್ಗಾಟ ಕೈಗೆ ಗೊತ್ತು. ಸುತ್ತು ಎರಡರಷ್ಟಾದರೆ ಜಗ್ಗಾಟ ಎರಡರಷ್ಟಾಗಿ ನಿಲ್ಲುವುದಿಲ್ಲ, ನಾಲ್ಕರಷ್ಟಾಗುತ್ತದೆ. 20,000 ಸುತ್ತಿಗೆ ಆ ಒಂದು ಗ್ರಾಮು 33 ಕಿಲೋ. ಟೆಸ್ಲಾದವರು ಮಾಡೆಲ್ ಎಸ್ ಪ್ಲಾಯ್ಡ್ ಕಾರಿಗೆ 20,000 ಸುತ್ತು ದಾಟುವ ಮೋಟಾರು ಮಾಡಿದಾಗ ರೋಟರಿನ ಸುತ್ತ ಕಾರ್ಬನ್ ನಾರಿನ ಬಿಗಿ ಕವಚ ಹೊದಿಸಬೇಕಾಯಿತು. ಹನ್ನೆರಡು, ಹದಿನೈದು ಲಕ್ಷದ ಕಾರಿಗೆ ಆ ಕವಚ ಹಾಕಲು ಹೊರಟರೆ ಬೆಲೆಯೂ ಸುತ್ತಿನ ಹಾಗೆಯೇ ಏರುತ್ತದೆ.

"ಹಾಗಿದ್ರೆ ಹತ್ತರ ಬದಲು ಐದು ಇಡಬಹುದಿತ್ತಲ್ಲ ಮಾವ? ಮೋಟಾರು ನಿಧಾನಕ್ಕೆ ತಿರುಗಿದ್ರೂ ಕಾರು ಜೋರಾಗಿ ಓಡತ್ತೆ" ಎಂದ ಅಳಿಯ. ಬುದ್ಧಿವಂತ ಪ್ರಶ್ನೆ. ಇಡಬಹುದಿತ್ತು. ಆಮೇಲೆ ಆ ಕಾರಿನಲ್ಲಿ ಚಾರ್ಮಾಡಿ ಘಾಟಿ ಹತ್ತಬೇಕಾಗುತ್ತದೆ. ಐದು ಜನ, ಡಿಕ್ಕಿ ತುಂಬ ಊರಿನ ಹಲಸು, ತೆಂಗಿನಕಾಯಿ. ಹೇರ್‌ಪಿನ್ ತಿರುವಿನಲ್ಲಿ ಎದುರಿಗೆ ಬಸ್ಸು ಬಂತು, ನಿಲ್ಲಿಸಿದಿರಿ. ಈಗ ಆ ಏರಿನಲ್ಲಿ ನಿಂತಲ್ಲಿಂದ ಎತ್ತಬೇಕು. ಅನುಪಾತ ಹತ್ತಿದ್ದಾಗ ಚಕ್ರಕ್ಕೆ ಸಿಗುತ್ತಿದ್ದ ಎಳೆತ ಐದಕ್ಕೆ ಇಳಿಸಿದರೆ ಅರ್ಧವಾಗುತ್ತದೆ. ಅದೇ ಎಳೆತ ಬೇಕೆಂದರೆ ಎರಡರಷ್ಟು ಕರೆಂಟು ಸುರಿಯಬೇಕು, ಇಲ್ಲವೆ ಎರಡರಷ್ಟು ದೊಡ್ಡ ಮೋಟಾರು ಹೊರಬೇಕು. ಟ್ರಾಕ್ಟರು ಓಡಿಸುವ ರೈತನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಉಳುವಾಗ ಒಂದು ಗೇರು, ಸಂತೆಗೆ ಹೋಗುವಾಗ ಇನ್ನೊಂದು.

ಎರಡು ಗೇರು ಇಟ್ಟವರೂ ಇದ್ದಾರೆ. ಪೋರ್ಷೆ ಟೈಕಾನ್ ಕಾರಿನ ಹಿಂದಿನ ಮೋಟಾರಿಗೆ ಎರಡು ಗೇರಿನ ಪೆಟ್ಟಿಗೆ ಇದೆ. ಚಿಮ್ಮುವುದಕ್ಕೆ ಒಂದು, ಓಡುವುದಕ್ಕೆ ಒಂದು. ಅದರ ಟರ್ಬೊ ಎಸ್ ಮಾದರಿ 260 ಮುಟ್ಟುತ್ತದೆ. ಆದರೆ ಅಷ್ಟು ಭಾರ, ಅಷ್ಟು ಹಲ್ಲು, ಅಷ್ಟು ಎಣ್ಣೆ, ಅಷ್ಟು ದುಡ್ಡು. ಮಧ್ಯಮ ವರ್ಗದ ಕಾರು ಮಾಡುವವನ ಮುಂದೆ ಇರುವುದು ಒಂದೇ ಗೇರು. ಆ ಒಂದು ಗೇರನ್ನು ಹೆದ್ದಾರಿಗೆ ಕೊಡಲೋ ಘಾಟಿಗೆ ಕೊಡಲೋ ಎಂದು ಅವನು ಮೊದಲ ದಿನವೇ ತೀರ್ಮಾನ ಮಾಡಬೇಕು. ಘಾಟಿಗೆ, ಸಿಗ್ನಲ್ಲಿಗೆ, ಫ್ಲೈಓವರಿನ ಏರಿಗೆ ಕೊಟ್ಟ. ಬಿಡದಿಯಲ್ಲಿ ನನ್ನ ಬೆನ್ನು ಸೀಟಿಗೆ ಅಂಟಿದ್ದೂ, ನೂರಿಪ್ಪತ್ತರಲ್ಲಿ ವೇಗ ನಿಂತದ್ದೂ ಆ ಒಂದೇ ತೀರ್ಮಾನದಿಂದ.

ಇನ್ನೊಂದು ಕಾರಣ ಹೇಳಲು ನಿಮ್ಮನ್ನು ನಮ್ಮ ಲ್ಯಾಬಿಗೆ ಕರೆದುಕೊಂಡು ಹೋಗಬೇಕು. ಡಿಪ್ಲೊಮಾ ಓದಿದವರಿಗೆಲ್ಲ ಡಿ.ಸಿ. ಶಂಟ್ ಮೋಟಾರಿನ ವೇಗ ನಿಯಂತ್ರಣದ ಪ್ರಯೋಗ ನೆನಪಿರಬೇಕು. ನೆಲಕ್ಕೆ ಬೋಲ್ಟು ಹಾಕಿದ ಬೂದು ಬಣ್ಣದ ಮೋಟಾರು, ಮೈಮೇಲೆ 1,500 ಸುತ್ತು ಎಂದು ಬರೆದ ಫಲಕ, ಮೇಜಿನ ಮೇಲೆ ಎರಡು ರಿಯೋಸ್ಟಾಟ್, ಹುಡುಗನೊಬ್ಬನ ಕೈಯಲ್ಲಿ ಶಾಫ್ಟಿನ ತುದಿಗೆ ಒತ್ತಿ ಹಿಡಿಯುವ ಟ್ಯಾಕೋಮೀಟರು.

ಆ ಮೋಟಾರಿನ ಗುಟ್ಟು ಏನೆಂದರೆ, ತಿರುಗುತ್ತಿರುವ ಮೋಟಾರು ಅದೇ ಹೊತ್ತಿಗೆ ಡೈನಮೊ ಕೂಡ ಹೌದು. ನಾವು ಕೊಟ್ಟ ವೋಲ್ಟೇಜಿಗೆ ಎದುರಾಗಿ ತಾನೂ ಒಂದು ವೋಲ್ಟೇಜು ಹುಟ್ಟಿಸುತ್ತದೆ. ವೇಗ ಹೆಚ್ಚಿದಷ್ಟೂ ಆ ಎದುರು ವೋಲ್ಟೇಜು ಹೆಚ್ಚು. ಮನೆಯ ಮೇಲಿನ ಟ್ಯಾಂಕಿಗೆ ಬೀದಿ ನಲ್ಲಿಯ ನೀರು ಏರಿಸಿದ ಹಾಗೆ. ಕೆಳಗಿನ ಒತ್ತಡ ಎಷ್ಟು ಎತ್ತರಕ್ಕೆ ನೂಕಬಲ್ಲದೋ ಅಷ್ಟು ಏರಿದ ಮೇಲೆ ನೀರು ಪೈಪಿನಲ್ಲೇ ನಿಂತುಬಿಡುತ್ತದೆ. ಕಾರಿನ ಬ್ಯಾಟರಿ 320 ವೋಲ್ಟಿನದು ಎನ್ನಿ. ಮೋಟಾರು ಎದುರಿಗೆ ಅಷ್ಟೇ ವೋಲ್ಟೇಜು ಹುಟ್ಟಿಸುವ ವೇಗ ಬಂದಾಗ ಬ್ಯಾಟರಿಗೆ ಕರೆಂಟು ನೂಕಲು ಜಾಗವೇ ಇರುವುದಿಲ್ಲ.

ಅದನ್ನು ದಾಟಲು ಒಂದು ಉಪಾಯ ಇದೆ, ಮೋಟಾರಿನ ಅಯಸ್ಕಾಂತ ಕ್ಷೇತ್ರವನ್ನು ತೆಳುವಾಗಿಸುವುದು. ಲ್ಯಾಬಿನಲ್ಲಿ ಫೀಲ್ಡ್ ರಿಯೋಸ್ಟಾಟನ್ನು ಒಂದಿಷ್ಟು ಸರಿಸಿದರೆ ಮೋಟಾರು 1,500 ದಾಟಿ 1,600, 1,700 ಎಂದು ಏರುತ್ತದೆ. ಹುಡುಗರಿಗೆ ಖುಷಿಯೋ ಖುಷಿ. ಒಂದು ಬ್ಯಾಚಿನಲ್ಲಿ ಫೀಲ್ಡಿನ ವೈರು ಟರ್ಮಿನಲ್ಲಿನಲ್ಲಿ ಸಡಿಲವಾಗಿತ್ತು. ಮೋಟಾರಿನ ಗುಂಯ್‌ಗುಟ್ಟುವಿಕೆ ಸೆಕೆಂಡಿನೊಳಗೆ ಊಳಾಯಿತು. ಟ್ಯಾಕೋಮೀಟರು ಹಿಡಿದಿದ್ದ ಹುಡುಗ ಅದನ್ನು ಬಿಸಾಡಿ ಹಾರಿದ, ನಾನು ಮೇನ್ ಸ್ವಿಚ್ಚಿಗೆ ಹಾರಿದೆ. ಆ ಊಳು ಈಗಲೂ ಕಿವಿಯಲ್ಲಿದೆ. ಕ್ಷೇತ್ರ ತೆಳುವಾದಷ್ಟೂ ಡಿ.ಸಿ. ಮೋಟಾರು ಹುಚ್ಚಾಗಿ ಓಡುತ್ತದೆ ಎಂದು ಪಾಠದಲ್ಲಿ ಹತ್ತು ಸಲ ಹೇಳಿದ್ದು ಯಾರಿಗೂ ತಲುಪಿರಲಿಲ್ಲ, ಅವತ್ತು ತಲುಪಿತು.

ಕಾರಿನಲ್ಲಿರುವುದು ಆ ಜಾತಿಯ ಮೋಟಾರಲ್ಲ. ಅಲ್ಲಿ ಅಯಸ್ಕಾಂತ ಶಾಶ್ವತದ್ದು, ರಿಯೋಸ್ಟಾಟ್ ಹಾಕಿ ಅದನ್ನು ಕುಗ್ಗಿಸಲಾಗದು. ಅದಕ್ಕೆ ಎದುರಾಗಿ ಬೇರೆ ಕರೆಂಟು ಹರಿಸಿ ಅದರ ಬಲ ಮುರಿಯಬೇಕು. ಇಂಥ ಮೋಟಾರಿನ ಕಾರುಗಳು ಹೆಚ್ಚಿನ ವೇಗದಲ್ಲಿ ಇದನ್ನು ಮಾಡುತ್ತವೆ. ಆದರೆ ಹೀಗೆ ಹರಿಸಿದ ಕರೆಂಟಿನ ಬಹುಪಾಲು ಚಕ್ರ ತಿರುಗಿಸುವ ಕೆಲಸಕ್ಕೆ ಬರುವುದಿಲ್ಲ. ಬ್ಯಾಟರಿಯಿಂದ ಹೊರಟು ತಂತಿ ಬಿಸಿ ಮಾಡಿ ಮುಗಿಯುತ್ತದೆ. ಇದಕ್ಕಿಂತ ದೊಡ್ಡ ಭಯ ಇನ್ನೊಂದು. ವೇಗ ತೀರಾ ಹೆಚ್ಚಿದ್ದಾಗ ಇನ್ವರ್ಟರ್ ಥಟ್ಟನೆ ಕೈಕೊಟ್ಟರೆ ಬಲ ಮುರಿಯುವ ಕರೆಂಟು ನಿಂತುಹೋಗುತ್ತದೆ, ಅಯಸ್ಕಾಂತ ನಿಲ್ಲುವುದಿಲ್ಲ. ಆಗ ಮೋಟಾರು ಹುಟ್ಟಿಸುವ ವೋಲ್ಟೇಜು ಬ್ಯಾಟರಿಯದನ್ನು ಮೀರಿ ಹಿಂದಕ್ಕೆ ನುಗ್ಗುತ್ತದೆ. ಇನ್ವರ್ಟರಿನ ಬಿಡಿಭಾಗಗಳು ಎಷ್ಟು ವೋಲ್ಟೇಜು ತಡೆದಾವು ಎಂದು ನೋಡಿಕೊಂಡೇ ಮೋಟಾರಿನ ಗರಿಷ್ಠ ಸುತ್ತನ್ನು ಗೊತ್ತುಮಾಡಬೇಕಾಗುತ್ತದೆ. ಫೋನು ಹಿಡಿದು ಕೂತು "ಸಾಫ್ಟ್‌ವೇರಿನಲ್ಲಿ ಒಂದು ಅಂಕಿ ಬದಲಾಯಿಸಿದರೆ ಮುಗೀತು" ಎನ್ನುವವರಿಗೆ ಆ ಅಂಕಿಯ ಹಿಂದೆ ಏನು ಕಾದು ಕೂತಿದೆ ಎಂದು ಗೊತ್ತಿರುವುದಿಲ್ಲ.

ಇನ್ನು ಗಾಳಿ. ಎಲೆಕ್ಟ್ರಿಕ್ ಕಾರು ಕೊನೆಯ ಪಟ್ಟಿಗೆ ಇಳಿಯದಿದ್ದರೂ ಗಾಳಿಗೆ ಸಲ್ಲಬೇಕಾದ ಕಂದಾಯ ಸಲ್ಲಿಸಲೇಬೇಕು. ಈ ಕಂದಾಯ ಇವತ್ತಿನದಲ್ಲ. ರಸ್ತೆಯ ಮೇಲೆ ಗಂಟೆಗೆ 100 ಕಿಲೋಮೀಟರ್ ದಾಟಿದ ಮೊಟ್ಟಮೊದಲ ವಾಹನ ಯಾವುದು ಗೊತ್ತೇ? ಎಲೆಕ್ಟ್ರಿಕ್ ಕಾರು. 1899ರ ಏಪ್ರಿಲ್ 29, ಪ್ಯಾರಿಸ್ ಹತ್ತಿರದ ಅಶೇರ್, ಓಡಿಸಿದವನು ಬೆಲ್ಜಿಯಮ್ಮಿನ ಕಮಿಯ್ ಜೆನಾಟ್ಸಿ, ವೇಗ 105.88. ಅವನ ಕಾರಿನ ಹೆಸರಿಗೆ "ಎಂದೂ ತೃಪ್ತಿಯಿಲ್ಲದವಳು" ಎಂದು ಅರ್ಥ. ಫ್ರೆಂಚರು ಕಾರನ್ನು ಹೆಣ್ಣೆಂದು ಕರೆಯುತ್ತಾರೆ, ತಪ್ಪು ನನ್ನದಲ್ಲ. ಗಾಳಿ ಸೀಳಲೆಂದು ಅದರ ಮೈಯನ್ನು ಚುಟ್ಟದ ಹಾಗೆ ಎರಡೂ ತುದಿ ಚೂಪಾಗಿ ಮಾಡಿದ್ದರು. ಆದರೆ ಸವಾರ ಅದರ ಬೆನ್ನ ಮೇಲೆ ಕುದುರೆ ಏರಿದಂತೆ ಸೊಂಟದಿಂದ ಮೇಲಕ್ಕೆ ಪೂರಾ ಹೊರಗೆ! ಚುಟ್ಟ ಉಳಿಸಿದ್ದನ್ನು ಅವನ ಎದೆ ಖರ್ಚು ಮಾಡಿತು. ಫೋಟೊ ನೋಡಿದಾಗಲೆಲ್ಲ ನಗು ಬರುತ್ತದೆ.

ಆ ಕಂದಾಯದ ದರ ಹೀಗಿದೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟು, ಅದನ್ನು ಗೆಲ್ಲಲು ಬೇಕಾದ ಶಕ್ತಿ ಎಂಟರಷ್ಟು. ಒಂದು ಮಧ್ಯಮ ಗಾತ್ರದ ಕಾರಿಗೆ ನಾನೇ ಹಾಳೆಯ ಮೇಲೆ ಲೆಕ್ಕ ಹಾಕಿದೆ. 100ರ ವೇಗದಲ್ಲಿ ಗಾಳಿಗೆ ಸುಮಾರು 8 ಕಿಲೋವ್ಯಾಟ್, ಟೈರಿನ ಉಜ್ಜಾಟಕ್ಕೆ 5, ಒಟ್ಟು 13. ಅದೇ ಕಾರು 200ರಲ್ಲಿ ಓಡಿದರೆ ಗಾಳಿಗೆ 64, ಟೈರಿಗೆ 10, ಒಟ್ಟು 74. ಮೂರು ಕಿಲೋವ್ಯಾಟ್ ಮಂಜೂರಾದ ಮನೆಗಳನ್ನು ನೆನೆಸಿಕೊಳ್ಳಿ. ಅಂಥ ಇಪ್ಪತ್ತೈದು ಮನೆಗಳ ಪೂರ್ತಿ ಲೋಡು ಒಂದು ಕಾರಿಗೆ. ಬ್ಯಾಟರಿಯಲ್ಲಿ 40 ಯೂನಿಟ್ಟು ಇದ್ದರೆ 100ರಲ್ಲಿ ಮೂರು ಗಂಟೆ, ಅಂದರೆ 300 ಕಿಲೋಮೀಟರು ಬಂತು. 200ರಲ್ಲಿ ಅರ್ಧ ಗಂಟೆಯ ಮೇಲೆ ಎರಡು ನಿಮಿಷ, 108 ಕಿಲೋಮೀಟರಿಗೆ ಖಾಲಿ. ಮೋಟಾರಿನ ನಷ್ಟ, ಎ.ಸಿ. ಇವನ್ನೆಲ್ಲ ಬಿಟ್ಟು ಮಾಡಿದ ಲೆಕ್ಕ ಇದು, ನಿಜದಲ್ಲಿ ಎರಡೂ ಇನ್ನೂ ಕಡಿಮೆ.

ಬೆಂಗಳೂರಿನವರಿಗೆ ಇದರಲ್ಲಿ ಒಂದು ಸಣ್ಣ ರಿಯಾಯಿತಿ ಇದೆ. ಊರು 900 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿ ಮಂಗಳೂರಿನದಕ್ಕಿಂತ ಶೇಕಡ ಎಂಟರಷ್ಟು ತೆಳು. ಆ ರಿಯಾಯಿತಿಯನ್ನು ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ನಿಂತು ಅನುಭವಿಸಬೇಕು.

ಪೆಟ್ರೋಲ್ ಕಾರಿಗೂ ಗಾಳಿ ಇದೇ ಕಂದಾಯ ಹಾಕುತ್ತದೆ. ಆದರೆ ಪೆಟ್ರೋಲ್ ಇಂಜಿನ್ನು ನಿಧಾನಕ್ಕೆ ಓಡಿದರೂ ಇಂಧನದ ಬಹುಪಾಲನ್ನು ಬಿಸಿಯಾಗಿ ಚೆಲ್ಲುವುದರಿಂದ ವೇಗ ಹೆಚ್ಚಿಸಿದಾಗ ಆದ ನಷ್ಟ ಅಷ್ಟು ಎದ್ದು ಕಾಣುವುದಿಲ್ಲ, ಕಂಡರೂ ಐದು ನಿಮಿಷ ಬಂಕಿನಲ್ಲಿ ನಿಂತರೆ ಟ್ಯಾಂಕು ತುಂಬುತ್ತದೆ. ಎಲೆಕ್ಟ್ರಿಕ್ ಕಾರು ದುಂದು ಮಾಡದ ಸಂಸಾರ. ಹಾಗಾಗಿ ಒಂದು ರೂಪಾಯಿ ಹೆಚ್ಚು ಹೋದರೂ ಲೆಕ್ಕದಲ್ಲಿ ಕಾಣುತ್ತದೆ. ಜಾಹೀರಾತಿನಲ್ಲಿ 300 ಕಿಲೋಮೀಟರ್ ಎಂದು ಹೇಳಿ ಮಾರಿದವನಿಗೆ, ಗಿರಾಕಿ ದಿನಾ 160ರಲ್ಲಿ ಓಡಿಸಿ ಮಂಡ್ಯದಲ್ಲಿ ಚಾರ್ಜರು ಹುಡುಕುತ್ತಾ ನಿಂತು ಫೋನು ಮಾಡುವುದು ಬೇಕಾಗಿಲ್ಲ.

ಬಿಸಿಯ ಮಾತು ಬಂತು. ಕರೆಂಟು ಎರಡರಷ್ಟಾದರೆ ಬಿಸಿ ನಾಲ್ಕರಷ್ಟು ಎಂದು ಹೈಸ್ಕೂಲಿನಲ್ಲೇ ಓದಿರುತ್ತೀರಿ. ಸಿಗ್ನಲ್ಲಿನಿಂದ ಚಿಮ್ಮುವಾಗ ಐದು ಸೆಕೆಂಡು ಆ ಬಿಸಿಯನ್ನು ಬ್ಯಾಟರಿ ನುಂಗಿಕೊಳ್ಳುತ್ತದೆ. ಅರ್ಧ ಗಂಟೆ ಒಂದೇ ಸಮ ಸುರಿದರೆ ನುಂಗಲು ಆಗುವುದಿಲ್ಲ. ಅದಕ್ಕೇ ಎಲೆಕ್ಟ್ರಿಕ್ ಕಾರಿಗೆ ಎರಡು ಬಗೆಯ ಶಕ್ತಿ ಇರುತ್ತದೆ. ಒಂದು ಷೋರೂಮಿನ ಪೋಸ್ಟರಿನಲ್ಲಿ ಬರೆಯುವುದು, ಇನ್ನೊಂದು ಅರ್ಧ ಗಂಟೆ ಸತತವಾಗಿ ಕೊಡಬಲ್ಲದ್ದು. ಯುರೋಪಿನಲ್ಲಿ ಕಾರಿನ ದಾಖಲೆ ಪತ್ರಕ್ಕೆ ಹೋಗುವುದು ಆ ಎರಡನೆಯದು. ಫೋಕ್ಸ್‌ವ್ಯಾಗನ್ ಐಡಿ.3ಯ ಒಂದು ಮಾದರಿಗೆ ಪೋಸ್ಟರಿನಲ್ಲಿ 150 ಕಿಲೋವ್ಯಾಟ್, ಕಾಗದದಲ್ಲಿ 70. ಓಟದ ಹುಡುಗ ನೂರು ಮೀಟರ್ ಓಡುವ ವೇಗದಲ್ಲಿ ಮ್ಯಾರಥಾನ್ ಓಡುತ್ತೇನೆಂದರೆ ಕೋಚು ಬಿಡುತ್ತಾನೆಯೇ? ರಾಯಚೂರಿನ ಮೇ ತಿಂಗಳಿನಲ್ಲಿ ನೆರಳಲ್ಲೇ 42 ಡಿಗ್ರಿ ಇರುವಾಗ ಕಾರು ನೆಲದ ಬಿಸಿಯನ್ನೂ ಸೇರಿಸಿಕೊಂಡು ಓಡುತ್ತಿರುತ್ತದೆ. ಬ್ಯಾಟರಿಗೆ ಎಂಟು ವರ್ಷ, 1,60,000 ಕಿಲೋಮೀಟರಿನ ವಾರಂಟಿ ಬರೆದುಕೊಟ್ಟ ಕಂಪನಿಗೆ ಆ ಬಿಸಿಯ ಒಂದೊಂದು ಡಿಗ್ರಿಯೂ ತನ್ನ ಜೇಬಿನದು. ವೇಗದ ಮಿತಿಯಲ್ಲಿ ನನ್ನ ಪ್ರಕಾರ ಅರ್ಧ ಪಾಲು ಈ ವಾರಂಟಿಯ ಕೈವಾಡ.

ಟೈರಿನ ವಿಷಯಕ್ಕೆ ಬಂದಾಗ ಅಳಿಯನನ್ನು ಟಾರ್ಚು ಕೊಟ್ಟು ಕೆಳಗೆ ಕಳಿಸಿದೆ. ಟೈರಿನ ಪಕ್ಕೆಯ ಮೇಲೆ ಅಳತೆಯ ಅಂಕಿಗಳಾದ ಮೇಲೆ ಕೊನೆಗೆ ಒಂದು ಅಕ್ಷರ ಇರುತ್ತದೆ. ಟಿ ಇದ್ದರೆ 190, ಎಚ್ ಇದ್ದರೆ 210, ವಿ ಇದ್ದರೆ 240. ಅದಕ್ಕಿಂತ ಜೋರಾಗಿ ಆ ಟೈರನ್ನು ಓಡಿಸಬಾರದು. ಹುಡುಗ ಮೊಣಕಾಲೂರಿ ನೋಡಿ ಅಲ್ಲಿಂದಲೇ ಕೂಗಿದ: "ಎಚ್ ಇದೆ ಮಾವ! ಇನ್ನೂ 90 ಬಾಕಿ ಇದೆ!" ಹೌದು, ಅವನ ಕಾರಿಗೆ ಟೈರು ಅಡ್ಡಿಯಲ್ಲ. ಕೋಟಿಗಟ್ಟಲೆ ಬೆಲೆಯ ಕಾರುಗಳಿಗೆ ಅದೇ ದೊಡ್ಡ ಅಡ್ಡಿ. ಕ್ರೊಯೇಷಿಯಾದ ರಿಮಾಟ್ಸ್ ಕಂಪನಿಯ ನೆವೇರಾ ಕಾರು 2022ರಲ್ಲಿ 412 ಕಿಲೋಮೀಟರ್ ವೇಗ ಮುಟ್ಟಿತು. ಆದರೆ ಗಿರಾಕಿಯ ಮನೆಗೆ ಅದನ್ನು ಕಳಿಸುವಾಗ 352ಕ್ಕೆ ಬೀಗ ಹಾಕಿ ಕಳಿಸುತ್ತಾರೆ. 412 ಬೇಕೆಂದರೆ ಕಂಪನಿಯ ಜನರೇ ಬಂದು, ಟೈರು ಪರೀಕ್ಷಿಸಿ, ಟ್ರ್ಯಾಕಿನ ಮೇಲೆ ಬೀಗ ತೆಗೆದು ಕೊಡುತ್ತಾರೆ. ಬೆಲೆ ಎಷ್ಟೇ ಇರಲಿ, ಗೋಡೆ ತಪ್ಪಲಿಲ್ಲ. ಸ್ವಲ್ಪ ದೂರದಲ್ಲಿ ಕಟ್ಟಿದ್ದಾರೆ ಅಷ್ಟೆ.

ವೇಗಕ್ಕೆ ಬೀಗ ಹಾಕುವುದು ಎಲೆಕ್ಟ್ರಿಕ್ ಕಾರಿನವರು ಕಂಡುಹಿಡಿದದ್ದೇನೂ ಅಲ್ಲ. ಜರ್ಮನಿಯ ದೊಡ್ಡ ಕಂಪನಿಗಳು 1980ರ ದಶಕದ ಕೊನೆಯಲ್ಲಿ, ಇನ್ನು ಮೇಲೆ 250 ದಾಟುವುದು ಬೇಡ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದವು. ಆಟೊಬಾನ್ ಹೆದ್ದಾರಿಯ ದೊಡ್ಡ ಭಾಗಕ್ಕೆ 130 ಎನ್ನುವುದು ಬರೀ ಸಲಹೆ, ಕಡ್ಡಾಯವಲ್ಲ. ಕಡ್ಡಾಯ ಬರಬಾರದೆಂದೇ ಕಂಪನಿಗಳು ತಾವೇ ಮೊದಲು ಬಾಗಿದವು ಎಂದು ನನ್ನ ಅನುಮಾನ. 2019ರ ಮಾರ್ಚಿನಲ್ಲಿ ಸ್ವೀಡನ್ನಿನ ವೋಲ್ವೊ, ಮುಂದಿನ ವರ್ಷದಿಂದ ನಮ್ಮ ಕಾರು ಪೆಟ್ರೋಲಿನದಾಗಲಿ ಬ್ಯಾಟರಿಯದಾಗಲಿ 180 ದಾಟುವುದಿಲ್ಲ ಎಂದು ಸಾರಿತು. ಜೀವ ಉಳಿಸಲು ಎಂದು ಹೇಳಿತು. ನಾನು ನಂಬುತ್ತೇನೆ. ಬ್ಯಾಟರಿ ಹೊತ್ತ ಕಾರಿನ ಭಾರ ಹೆಚ್ಚು, ಮತ್ತು 100ರಿಂದ 160ಕ್ಕೆ ಹೋದರೆ ಬ್ರೇಕು ನುಂಗಬೇಕಾದ ಶಕ್ತಿ ಎರಡೂವರೆ ಪಟ್ಟು ದಾಟುತ್ತದೆ. ಹಾಗೆ ಮಾಡಿದ್ದರಿಂದ ಮುಂದೆ ಬರಲಿದ್ದ ಬ್ಯಾಟರಿ ಕಾರುಗಳಿಗೆ ಅನುಕೂಲವೂ ಆಯಿತು ಎಂದು ಸೇರಿಸಿದರೆ ವೋಲ್ವೊದವರು ಬೇಸರ ಮಾಡಿಕೊಳ್ಳಬಾರದು.

ನನಗೆ ಹಿಡಿಸದ ಬೀಗ ಒಂದಿದೆ. ಅದಕ್ಕೆ ಮೊದಲು ಒಪ್ಪಬಹುದಾದದ್ದೊಂದನ್ನು ಹೇಳುತ್ತೇನೆ. 2023ರಲ್ಲಿ ಬಂದ ಹೊಸ ನೆಕ್ಸಾನ್ ಇವಿಯಲ್ಲಿ ಸಣ್ಣ ಬ್ಯಾಟರಿಯ ಮಾದರಿಗೆ 120, ದೊಡ್ಡ ಬ್ಯಾಟರಿಯದಕ್ಕೆ 150 ಇಟ್ಟರು. ಇದರಲ್ಲಿ ನ್ಯಾಯ ಇದೆ. ಹೊರೆ ಹಂಚಿಕೊಳ್ಳುವ ಸೆಲ್ಲುಗಳು ಹೆಚ್ಚಿದ್ದರೆ ಒಂದೊಂದರ ಮೈಮೇಲೆ ಬೀಳುವುದು ಕಡಿಮೆ. ಆದರೆ ಟೆಸ್ಲಾ 2019ರ ಕೊನೆಯಲ್ಲಿ ಮಾಡೆಲ್ 3ರ ಒಡೆಯರಿಗೆ, 2,000 ಡಾಲರ್ ಕಟ್ಟಿದರೆ ಕಾರು ಇನ್ನೂ ಜೋರಾಗಿ ಚಿಮ್ಮುವ ಹಾಗೆ ಸಾಫ್ಟ್‌ವೇರ್ ಕಳಿಸುತ್ತೇವೆ ಎಂದಿತು. ಮೋಟಾರು ಅದೇ, ಬ್ಯಾಟರಿ ಅದೇ. ಮನೆ ಮಾರಿದವನು ಒಂದು ಕೋಣೆಗೆ ಬೀಗ ಹಾಕಿಟ್ಟು ಆಮೇಲೆ ಕೀಲಿಗೆ ಬೇರೆ ದುಡ್ಡು ಕೇಳಿದ ಹಾಗೆ. ಅಳಿಯ ಮೋಸ ಎಂದದ್ದು ಇಂಥದ್ದಕ್ಕಾಗಿದ್ದರೆ ಅವನ ಪರವಾಗಿ ನಾನೂ ವಾದಿಸುತ್ತಿದ್ದೆ.

ಕೊನೆಗೆ ಅವನು ಕೇಳಿಯೇಬಿಟ್ಟ: "ಯಾರಾದ್ರೂ ಮೆಕ್ಯಾನಿಕ್ ಹಿಡಿದು ತೆಗೆಸಬಹುದಾ?" ತೆಗೆಯುವವರು ಇದ್ದಾರೆ. ನಮ್ಮಲ್ಲಿ 25 ಕಿಲೋಮೀಟರ್ ಮೀರದ, 250 ವ್ಯಾಟಿನೊಳಗಿನ ಸ್ಕೂಟರಿಗೆ ಲೈಸೆನ್ಸೂ ಬೇಡ, ನಂಬರ್ ಪ್ಲೇಟೂ ಬೇಡ. ಅಂಥವನ್ನು ತಂದು, ಒಂದು ವೈರು ಕತ್ತರಿಸಿ 45ರಲ್ಲಿ ಓಡಿಸುವ ಹುಡುಗರನ್ನು ನನ್ನ ಬೀದಿಯಲ್ಲೇ ನೋಡಿದ್ದೇನೆ. ಆ ಸ್ಕೂಟರಿನ ಬ್ರೇಕು ಇನ್ನೂ 25ಕ್ಕೇ ಮಾಡಿದ್ದು. ಕಾರಿನಲ್ಲಿ ಕೈ ಹಾಕಿದರೆ ವಾರಂಟಿ ಹೋಯಿತು, ಅಪಘಾತವಾದರೆ ವಿಮೆಯವನ ಎದುರು ನಿಂತು ಉತ್ತರ ಕೊಡಬೇಕು ಎಂದೆ. ಹುಡುಗ ಮಾತು ಬದಲಾಯಿಸಿದ.

ಮೊನ್ನೆ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಹೋಗಬೇಕಿತ್ತು. ನಸುಕಿನ ನಾಲ್ಕು ಗಂಟೆ. ಬಂದದ್ದು ಎಲೆಕ್ಟ್ರಿಕ್ ಟ್ಯಾಕ್ಸಿ, ಹಸಿರು ಬೋರ್ಡಿನ ಮೇಲೆ ಹಳದಿ ಅಕ್ಷರ. ಬಾಡಿಗೆ ಕಾರುಗಳಿಗೆ ಕಾನೂನೇ 80ರ ಬೀಗ ಹಾಕಿದೆ. ಹೆಬ್ಬಾಳದ ಫ್ಲೈಓವರು ಇಳಿದ ಮೇಲೆ ರಸ್ತೆ ಬಯಲಾಯಿತು, ನಮ್ಮ ಕಾರು 78ರಲ್ಲಿ ಅಲುಗಾಡದೆ ಹೋಗುತ್ತಿತ್ತು. ಬಿಳಿ ಬೋರ್ಡಿನವರು ಒಬ್ಬರಾದ ಮೇಲೊಬ್ಬರು ದಾಟಿ ಹೋದರು. ಬೇಜಾರಾಗಲ್ವೇನಪ್ಪ ಎಂದು ಡ್ರೈವರನ್ನು ಕೇಳಿದೆ.

"ಮೊದಮೊದಲು ಆಗ್ತಿತ್ತು ಸಾರ್" ಎಂದು ಅವನು ಮುಂದಿನ ಪರದೆಯ ಮೇಲೆ ಬೆರಳಿಟ್ಟ. ಅಲ್ಲಿ ಶೇಕಡ 61 ಎಂದಿತ್ತು. "ಹಿಂಗೇ ಹೋದ್ರೆ ನಿಮ್ಮನ್ನ ಬಿಟ್ಟು, ಅಲ್ಲಿಂದ ಎಲೆಕ್ಟ್ರಾನಿಕ್ ಸಿಟಿಗೊಂದು ಬಾಡಿಗೆ ಹೊಡೀಬಹುದು. ನೂರರಲ್ಲಿ ಹೋದ್ರೆ ವಾಪಸ್ ಬಂದು ಚಾರ್ಜಿಂಗ್ ಲೈನಲ್ಲಿ ನಿಲ್ಬೇಕು. ಅಲ್ಲಿ ಈಗ ಎಷ್ಟು ಗಾಡಿ ನಿಂತಿರತ್ತೆ ಗೊತ್ತಾ ಸಾರ್?"

ಗೊತ್ತಿರಲಿಲ್ಲ. ವಿಮಾನ ನಿಲ್ದಾಣ ಬಂತು. ನಮ್ಮನ್ನು ದಾಟಿ ಹೋಗಿದ್ದ ಬಿಳಿ ಬೋರ್ಡಿನ ಎರಡು ಕಾರುಗಳು ಅಲ್ಲೇ ನಮ್ಮ ಮುಂದೆ ಸಾಲಿನಲ್ಲಿ ನಿಂತಿದ್ದವು.